ಮಲಗಿದವರಿಗೆ ಐದು ಲಕ್ಷ, ನಡೆದು ಬಂದವರಿಗೆ?

ಬಿಪಿಗೆ ಕೊಡುವ ಆಮ್ಲೋಡಿಪಿನ್ ಮಾತ್ರೆಯನ್ನು ಸರ್ಕಾರ ಸಗಟಾಗಿ ಕೊಂಡರೆ ಒಂದಕ್ಕೆ ಒಂದು ರೂಪಾಯಿಯೂ ಬೀಳುವುದಿಲ್ಲ. ಅದನ್ನು ದಿನಾ ತಪ್ಪದೆ ನುಂಗಿದರೆ ಎಷ್ಟೋ ಜನರ ಲಕ್ವ ತಪ್ಪುತ್ತದೆ, ಎಷ್ಟೋ ಜನರ ಕಿಡ್ನಿ ಉಳಿಯುತ್ತದೆ. ಆ ಮಾತ್ರೆಗೆ ನಮ್ಮ ಆಯುಷ್ಮಾನ್ ಕಾರ್ಡಿನಿಂದ ಬಿಡಿಗಾಸೂ ಬರುವುದಿಲ್ಲ. ಕಿಡ್ನಿ ಹೋಗಲಿ, ಆಗ ಡಯಾಲಿಸಿಸ್‌ಗೆ ದುಡ್ಡು ಬರುತ್ತದೆ. ಶುಗರ್ ಏರಿ ಕಾಲು ಕೊಳೆಯಲಿ, ಕತ್ತರಿಸುವುದಕ್ಕೆ ಬರುತ್ತದೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಈ ಕೆಲಸವನ್ನು ನಾವು ಆರೋಗ್ಯ ಭದ್ರತೆ ಎಂದು ಕರೆಯುತ್ತಿದ್ದೇವೆ.

ನಾನು ವಿಮೆಯನ್ನು ಬೈಯಲು ಹೊರಟಿಲ್ಲ. ಹೃದಯದ ಆಪರೇಷನ್‌ಗಾಗಿ ಎರಡೆಕರೆ ಹೊಲ ಮಾರಿದ ಮನೆಗಳು ಪ್ರತಿ ಊರಲ್ಲೂ ಇವೆ. ಆ ಸಂಕಟ ನೋಡಿಯೇ ಕರ್ನಾಟಕ ದೇಶಕ್ಕಿಂತ ಮುಂಚೆ ಎದ್ದಿತು. 2003ರಲ್ಲಿ ಸಹಕಾರ ಸಂಘಗಳ ರೈತರಿಗೆ ಯಶಸ್ವಿನಿ ಬಂತು, 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ, 2018ರಲ್ಲಿ ಆರೋಗ್ಯ ಕರ್ನಾಟಕ. ಅದೇ 2018ರ ಸೆಪ್ಟೆಂಬರ್ 23ರಂದು ರಾಂಚಿಯಲ್ಲಿ ಪ್ರಧಾನಿಯವರು ಚಾಲನೆ ಕೊಟ್ಟ ಆಯುಷ್ಮಾನ್ ಭಾರತ ವಿಮಾ ಯೋಜನೆ, ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಭರವಸೆ ಕೊಟ್ಟಿತು. ಸಣ್ಣ ಮಾತಲ್ಲ. ಆದರೆ ಈ ಹಣ ಹರಿಯುವುದು ರೋಗಿ ಅಡ್ಮಿಟ್ ಆದರೆ ಮಾತ್ರ. ನಡೆದುಕೊಂಡು ಬಂದು, ತೋರಿಸಿಕೊಂಡು, ಮಾತ್ರೆ ಚೀಟಿ ಹಿಡಿದು ಮನೆಗೆ ಹೋಗುವವರು ಅದರ ಲೆಕ್ಕಕ್ಕೇ ಇಲ್ಲ. ಕಾಯಿಲೆಯವರಲ್ಲಿ ಹೆಚ್ಚಿನವರು ಅವರೇ.

ಆಯುಷ್ಮಾನ್ ಭಾರತಕ್ಕೆ ಇನ್ನೊಂದು ಕಾಲೂ ಇತ್ತೆಂಬುದನ್ನು ಮರೆತುಬಿಟ್ಟಿದ್ದೇವೆ. ವಿಮೆಗೂ ಐದು ತಿಂಗಳು ಮುಂಚೆ, ಏಪ್ರಿಲ್ 14ರಂದು, ಛತ್ತೀಸಗಢದ ಬಿಜಾಪುರ ಜಿಲ್ಲೆಯ ಜಾಂಗ್ಲಾ ಎಂಬ ಹಳ್ಳಿಯಲ್ಲಿ ಮೊದಲ ಆರೋಗ್ಯ ಮತ್ತು ಕ್ಷೇಮ ಕೇಂದ್ರ ತೆರೆಯಿತು. ಉಪಕೇಂದ್ರಗಳಿಗೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ (ಪಿಎಚ್‌ಸಿ) ಹೊಸ ಬಣ್ಣ, ಹೊಸ ಬೋರ್ಡು ಬಂತು. ಈಗ ಹೆಸರೂ ಬದಲಾಗಿ ಆಯುಷ್ಮಾನ್ ಆರೋಗ್ಯ ಮಂದಿರವಾಗಿದೆ. ಆದರೆ ವಿಮೆಯ ಹಣದ ಚೀಲ ಬೇರೆ, ಈ ಕೇಂದ್ರಗಳ ಚೀಲ ಬೇರೆ. ಒಬ್ಬ ಪಿಎಚ್‌ಸಿ ವೈದ್ಯೆ ತನ್ನ ವ್ಯಾಪ್ತಿಯ ಐನೂರು ಜನರ ಶುಗರ್ ಹತೋಟಿಯಲ್ಲಿಟ್ಟಳು ಅನ್ನಿ. ವಿಮೆಗೆ ಕೋಟಿಗಟ್ಟಲೆ ಉಳಿತಾಯ ಆದೀತು, ಅವಳ ಕೇಂದ್ರಕ್ಕೆ ಅದರಿಂದ ಒಂದು ಗ್ಲೂಕೋಸ್ ಸ್ಟ್ರಿಪ್ ಕೂಡ ಹೆಚ್ಚಿಗೆ ಬರುವುದಿಲ್ಲ. ಆ ಐನೂರು ಜನರನ್ನು ಕೈಬಿಟ್ಟಿದ್ದರೆ, ಒಂದೊಂದು ಚಿಕಿತ್ಸೆಗೆ ಇಷ್ಟೆಂದು ವಿಮೆ ಕೊಡುವ ಪ್ಯಾಕೇಜಿನ ಹಣ ದೊಡ್ಡಾಸ್ಪತ್ರೆಗಳಿಗೆ ಸಲೀಸಾಗಿ ಸೇರುತ್ತಿತ್ತು. ಇಂಥ ಲೆಕ್ಕ ಕಟ್ಟಿದವರು ಯಾರೂ ದುಷ್ಟರಲ್ಲ, ಅದು ಗೊತ್ತು. ಲೆಕ್ಕ ಮಾತ್ರ ದುಷ್ಟವಾಗಿದೆ.

ಯಾವುದಾದರೂ ಪಿಎಚ್‌ಸಿಯ ಬೆಂಚಿನ ಮೇಲೆ ಒಂದು ಬೆಳಿಗ್ಗೆ ಕೂತು ನೋಡಿ. ಸೆರಗಿನ ಗಂಟಿನಲ್ಲಿ ಹಳೇ ಚೀಟಿ ಕಟ್ಟಿಕೊಂಡು ಕೂಲಿಯ ಅಜ್ಜಿ ಬಂದಿರುತ್ತಾಳೆ. ಡಾಕ್ಟ್ರು ಮೀಟಿಂಗಿಗೆ ಹೋಗಿದ್ದಾರೆ. ಸಿಸ್ಟರ್ ಕಪಾಟು ತೆಗೆದು ಹತ್ತು ಮಾತ್ರೆಯ ಒಂದು ಪಟ್ಟಿ ಕೊಟ್ಟು, ‘ಇಷ್ಟೇ ಇರೋದು ಅಜ್ಜಿ, ಮುಂದಿನ ವಾರ ಬಾ’ ಅನ್ನುತ್ತಾರೆ. ಶಕ್ತಿ ಯೋಜನೆಯಿಂದ ಬಸ್ ಚಾರ್ಜ್ ಉಳಿದೀತು, ಹೋದ ಕೂಲಿ ಬಂದೀತೇ? ಮುಂದಿನ ವಾರ ಅವಳು ಬರುವುದಿಲ್ಲ. ತಲೆಸುತ್ತು ಬಂದರೆ ನಿಂಬೆಹಣ್ಣಿನ ಪಾನಕ ಕುಡಿಯುತ್ತಾಳೆ. ಒಂದು ದಿನ ಬಾಯಿ ಸೊಟ್ಟಗಾಗಿ ಜಿಲ್ಲಾಸ್ಪತ್ರೆ ಸೇರಿದಾಗ ಮಗ ಕಾರ್ಡ್ ಹುಡುಕುತ್ತಾನೆ. ಸರ್ಕಾರದ ಪಟ್ಟಿಯಲ್ಲಿ ಆ ದಿನ ಅಜ್ಜಿ ‘ಫಲಾನುಭವಿ’ ಆಗುತ್ತಾಳೆ!

ಪ್ರಾಥಮಿಕ ಆರೈಕೆ ಇಲ್ಲದ ಕಡೆ ವಿಮೆ ಹೋದರೆ ಏನಾಗುತ್ತದೆ ಎಂಬುದಕ್ಕೆ ದಾಖಲೆ ಇದೆ. 2008ರಲ್ಲಿ ಶುರುವಾದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿವರೆಗಿನ ಆಸ್ಪತ್ರೆ ಖರ್ಚು ಕೊಡುತ್ತಿತ್ತು. ಬಿಹಾರ, ಛತ್ತೀಸಗಢಗಳಲ್ಲಿ ಹೊಟ್ಟೆನೋವು, ಬಿಳಿಸೆರಗು ಅಂತ ಹೋದ ಬಡ ಹೆಂಗಸರ ಗರ್ಭಕೋಶವನ್ನೇ ತೆಗೆದುಹಾಕಿದ ಪ್ರಕರಣಗಳು ಬೆಳಕಿಗೆ ಬಂದವು. ಆರೋಗ್ಯ ಹೋರಾಟಗಾರ ಡಾ. ನರೇಂದ್ರ ಗುಪ್ತಾ ಇದನ್ನು ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. 2023ರಲ್ಲಿ ಕೋರ್ಟು ಇದಕ್ಕೆ ಕಡಿವಾಣ ಹಾಕಲು ರಾಜ್ಯಗಳಿಗೆ ನಿರ್ದೇಶನ ಕೊಟ್ಟಿತು. ಬಿಳಿಸೆರಗಿಗೆ ಬಹುಪಾಲು ಪಿಎಚ್‌ಸಿಯಲ್ಲೇ ಔಷಧ ಸಾಕಾಗುತ್ತದೆ. ಆದರೆ ಆ ಔಷಧಕ್ಕೆ ಪ್ಯಾಕೇಜ್ ಇರಲಿಲ್ಲ, ಗರ್ಭಕೋಶ ತೆಗೆಯುವುದಕ್ಕೆ ಇತ್ತು.

ದಾರಿ ಇಲ್ಲವೆಂದಲ್ಲ. ಥಾಯ್ಲೆಂಡ್ ಶ್ರೀಮಂತ ದೇಶವಾಗಿರದ ಕಾಲದಲ್ಲೇ, 1980ರ ದಶಕದಲ್ಲಿ, ಪಟ್ಟಣಗಳಲ್ಲಿ ಹೊಸ ಆಸ್ಪತ್ರೆ ಕಟ್ಟುವುದನ್ನು ಕೆಲವು ವರ್ಷ ತಡೆಹಿಡಿದು ಆ ದುಡ್ಡನ್ನು ಗ್ರಾಮೀಣ ಜಿಲ್ಲೆಗಳಿಗೆ ಹರಿಸಿತು. ಆ ಬುನಾದಿ ಗಟ್ಟಿಯಾದ ಮೇಲೆ, 2002ರ ಹೊತ್ತಿಗೆ ಎಲ್ಲರಿಗೂ ಆರೋಗ್ಯ ರಕ್ಷಣೆ ತಂದಿತು. ಹೊರರೋಗಿಗಳ ಚಿಕಿತ್ಸೆಗೂ ರೋಗ ತಡೆಯುವುದಕ್ಕೂ ತಲೆಗೆ ಇಷ್ಟೆಂದು ಸ್ಥಳೀಯ ಆರೋಗ್ಯ ಜಾಲಕ್ಕೇ ಹಣ ಕೊಟ್ಟಿತು. ಜನ ಆರೋಗ್ಯವಾಗಿದ್ದರೆ ಆ ಜಾಲಕ್ಕೇ ಉಳಿತಾಯ. ನಮ್ಮಲ್ಲೂ ಉದಾಹರಣೆ ಇದೆ. ಯಳಂದೂರು ತಾಲ್ಲೂಕಿನ ಗುಂಬಳ್ಳಿ ಪಿಎಚ್‌ಸಿಯನ್ನು 1996ರಲ್ಲಿ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ ವಹಿಸಿಕೊಂಡು, ಹಳ್ಳಿಯ ಕೇಂದ್ರ ಹೇಗಿರಬಹುದೆಂದು ತೋರಿಸಿತು. ಎಲ್ಲವನ್ನೂ ಸಂಸ್ಥೆಗಳಿಗೆ ಒಪ್ಪಿಸಿ ಸರ್ಕಾರ ಕೈತೊಳೆದುಕೊಳ್ಳಲಿ ಅನ್ನುತ್ತಿಲ್ಲ. ಆಗುವುದೇ ಇಲ್ಲ ಅನ್ನುವವರಿಗೆ ಇಷ್ಟು ಹೇಳಬೇಕಾಯಿತು.

ಇನ್ನು ಈ ಕೇಂದ್ರಗಳ ಪರವಾಗಿ ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವರನ್ನು ಗೌರವಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದೆವು. 2025ರ ಜನವರಿಯ ಚಳಿಯಲ್ಲಿ ಅದೇ ಹೆಂಗಸರು ತಿಂಗಳಿಗೆ ಹದಿನೈದು ಸಾವಿರ ರೂಪಾಯಿ ಖಾತ್ರಿ ಮಾಡಿ ಎಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಕಳೆದರು. ಯಾರ ಮನೆಯಲ್ಲಿ ಬಸುರಿ ಇದ್ದಾಳೆ, ಯಾರು ಟಿಬಿ ಮಾತ್ರೆ ಬಿಟ್ಟಿದ್ದಾರೆ ಎಂದು ಊರಿಗೂರೇ ಬಾಯಿಪಾಠ ಇರುವವರನ್ನು ಬೀದಿಯಲ್ಲಿ ಮಲಗಿಸಿ ನಾವು ಯಾವ ಆರೋಗ್ಯ ಕಟ್ಟುತ್ತೇವೆ?

2017ರ ರಾಷ್ಟ್ರೀಯ ಆರೋಗ್ಯ ನೀತಿ ಬರೆದಿಟ್ಟಿರುವುದು ಸ್ಪಷ್ಟವಾಗಿದೆ: ಆರೋಗ್ಯದ ಹಣದಲ್ಲಿ ಮೂರನೇ ಎರಡು ಪಾಲು ಅಥವಾ ಹೆಚ್ಚು ಪ್ರಾಥಮಿಕ ಆರೈಕೆಗೆ. ಹಾಗಾದರೆ ಕಾರ್ಡ್ ಅಲ್ಲಿಂದಲೇ ಶುರುವಾಗಲಿ. ಕಾರ್ಡ್ ಇರುವ ಪ್ರತಿ ಮನೆಯನ್ನೂ ಹತ್ತಿರದ ಪಿಎಚ್‌ಸಿಯಲ್ಲಿ ನೋಂದಾಯಿಸಿ, ಮನೆಗೆ ಇಷ್ಟೆಂದು ವಿಮೆಯ ಹಣದಿಂದಲೇ ಆ ಕೇಂದ್ರಕ್ಕೆ ಕೊಡಿ. ಬಿಪಿ, ಶುಗರ್ ಮಾತ್ರೆ ಒಮ್ಮೆಗೆ ತಿಂಗಳಿಗಾಗುವಷ್ಟು ಕೊಡಿ. ಖಾಲಿ ಹುದ್ದೆ ತುಂಬಿ. ಹೊರಗುತ್ತಿಗೆಯ ನರ್ಸ್‌ಗೆ ಸಂಬಳ ತಿಂಗಳಿಗೆ ಸರಿಯಾಗಿ ಆಗಲಿ.

ಶಾಸಕರೇ, ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗೆ ಟೇಪು ಕತ್ತರಿಸುವ ಫೋಟೊ ಚೆನ್ನಾಗಿ ಬರುತ್ತದೆ, ಔಷಧದ ಸ್ಟಾಕ್ ರಿಜಿಸ್ಟರಿಗೆ ಯಾರೂ ಟೇಪು ಕಟ್ಟುವುದಿಲ್ಲ. ಆದರೂ ಕ್ಷೇತ್ರದ ಒಂದು ಪಿಎಚ್‌ಸಿಗೆ ಮುನ್ಸೂಚನೆ ಕೊಡದೆ ಹೋಗಿ ಆ ರಿಜಿಸ್ಟರ್ ತೆಗೆಸಿ ನೋಡಿ. ವೈದ್ಯರೇ, ಎರಡು ಊರಿನ ಚಾರ್ಜ್ ಒಬ್ಬರ ತಲೆಗೆ ಕಟ್ಟಿದಾಗ ಒಳಗೇ ಗೊಣಗಬೇಡಿ, ಲಿಖಿತವಾಗಿ ಕೊಡಿ. ಓದುಗರೇ, 15ನೇ ಹಣಕಾಸು ಆಯೋಗ ಸ್ಥಳೀಯ ಸಂಸ್ಥೆಗಳ ಮೂಲಕ ಆರೋಗ್ಯಕ್ಕೆಂದೇ 70,051 ಕೋಟಿ ರೂಪಾಯಿ ಶಿಫಾರಸು ಮಾಡಿತ್ತು. ನಿಮ್ಮೂರಿಗೆ ಬಂದದ್ದೆಷ್ಟು ಎಂದು ಮುಂದಿನ ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಿ. ನಿಮ್ಮ ಪಿಎಚ್‌ಸಿಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ಯಾರಿದ್ದಾರೆ, ಅದು ಕೊನೆಯ ಸಲ ಸೇರಿದ್ದು ಯಾವಾಗ ಎಂಬುದನ್ನೂ ಕೇಳಿ. ಉತ್ತರ ಬಾಯಿಮಾತಿನಲ್ಲಿ ಬಂದರೆ ಒಪ್ಪಬೇಡಿ, ನಡಾವಳಿ ಪುಸ್ತಕದಲ್ಲಿ ಬರೆಸಿ.