ಗವರ್ನರ್ ಬಿಚ್ಚಬೇಡಿರಿ

ತೋಟದ ಪುಟ್ಟ ಟ್ರಾಕ್ಟರಿನ, ಗಾಳಿಯಿಂದ ತಣಿಯುವ ಇಂಜಿನಿಗೆ ಇನ್ನಷ್ಟು ಬಲ ಬರಲೆಂದು ಗವರ್ನರನ್ನೇ ಬಿಚ್ಚಿಹಾಕುವ ಚಪಲ ಕೆಲವರಿಗುಂಟು. ಇದನ್ನು ನಾವು ಒಪ್ಪುವುದಿಲ್ಲ. ಇಂತಹ ಇಂಜಿನುಗಳ ಮಿತಿ ಸಾಮಾನ್ಯವಾಗಿ ನಿಮಿಷಕ್ಕೆ 3,600 ಸುತ್ತು. ಅದನ್ನು 5,000ಕ್ಕೆ ಏರಿಸಿದರೆ ಪಿಸ್ಟನ್ನು ಕನೆಕ್ಟಿಂಗ್ ರಾಡನ್ನು ಜಗ್ಗುವ ಬಲ ವೇಗದ ವರ್ಗದಂತೆ ಬೆಳೆದು ಸುಮಾರು ಇಮ್ಮಡಿಯಾಗುತ್ತದೆ. ಒಂಬತ್ತನೆಯ ತರಗತಿಯವರೂ ಲೆಕ್ಕ ಹಾಕಿ ನೋಡಬಹುದು. ಅಲ್ಯೂಮಿನಿಯಂ ರಾಡು ಮುರಿದರೆ ಹಣ ಹೋದೀತು. ಎರಕದ ಫ್ಲೈವೀಲ್ ಸಿಡಿದರೆ ಹತ್ತಿರ ನಿಂತವರ ಜೀವವೇ ಹೋದೀತು. ಅಮೆರಿಕದಲ್ಲಿ ಇಂತಹ ಟ್ರಾಕ್ಟರುಗಳಿಂದ ಭಾರ ಎಳೆಯಿಸುವ ಪಂದ್ಯಗಳೇ ನಡೆಯುತ್ತವೆ. ಅಲ್ಲಿ ವೇಗ ಹೆಚ್ಚಿಸುವವರು ಮೊದಲು ಉಕ್ಕಿನ ಫ್ಲೈವೀಲ್, ಗಟ್ಟಿ ರಾಡು ಹಾಕಿಸುತ್ತಾರೆ. ಆ ಖರ್ಚು ಪಂದ್ಯದವರಿಗೇ ಇರಲಿ.

ನಮಗೆ ಬೇಕಾದ ಬಲ ಬಹುಮಟ್ಟಿಗೆ ಇಂಜಿನಿನಲ್ಲೇ ಅಡಗಿದೆ. ಸಿಲಿಂಡರಿನ ರೆಕ್ಕೆಗಳ ಸಂದಿನ ಕಸ, ಧೂಳು ಕಟ್ಟಿದ ಏರ್ ಫಿಲ್ಟರ್, ಹೆಡ್ಡಿನೊಳಗಿನ ಮಸಿ, ಅಳತೆ ತಪ್ಪಿದ ವಾಲ್ವಿನ ಸಂದು, ಇವೇ ಅದನ್ನು ತಿನ್ನುವುದು. (ರೆಕ್ಕೆ ಉಜ್ಜುವುದು ಬೇಸರದ ಕೆಲಸ, ನಿಜ.) ಇಷ್ಟಾದ ಮೇಲೂ ಸಾಲದಿದ್ದರೆ ತಗ್ಗಿನ ಗೇರಿನಲ್ಲಿ ನಿಧಾನವಾಗಿ ಉಳುವುದು ಲೇಸು. ಹುಡುಗರು ಸ್ಪ್ಯಾನರ್ ಹಿಡಿಯುವುದನ್ನು ಹೆತ್ತವರು ತಡೆಯಬೇಕಾಗಿಲ್ಲ. ಪ್ಲಗ್ಗಿನ ತಂತಿ ಕಳಚಿದ ಮೇಲೆ ಹಿಡಿಯಲಿ, ಅಷ್ಟೆ.