ರಜೆಯೇ ಇಲ್ಲದ ವಾರ

ವಾರಕ್ಕೊಂದು ರಜೆ ಎಂಬುದು ಇಂದು ಯಾರೂ ಪ್ರಶ್ನಿಸದ ಹಕ್ಕು. 1948ರ ಕಾರ್ಖಾನೆ ಕಾಯ್ದೆ ಯಂತ್ರದ ಮುಂದೆ ನಿಲ್ಲುವ ಕಾರ್ಮಿಕನಿಗೆ ವಾರದಲ್ಲಿ ಒಂದು ದಿನದ ಬಿಡುವನ್ನು ಕಡ್ಡಾಯಗೊಳಿಸಿತು. ಬ್ಯಾಂಕಿನವರಿಗೆ ಭಾನುವಾರದ ಜೊತೆಗೆ ಎರಡು ಶನಿವಾರಗಳೂ ಸಿಕ್ಕಿವೆ. ಆದರೆ ಪುತ್ತೂರು, ಬಂಟ್ವಾಳ, ಸುಳ್ಯ, ಕಾರ್ಕಳದಂತಹ ನಮ್ಮ ಸಣ್ಣ ಊರುಗಳ ಮುಸ್ಲಿಂ ಮನೆಗಳಲ್ಲಿ ಎಂಟು ವರ್ಷದ ಮಗುವಿಗೆ ಈ ಹಕ್ಕು ಇಲ್ಲ. ಇದು ಉತ್ಪ್ರೇಕ್ಷೆ ಎನಿಸಿದರೆ ವಾರದ ಏಳೂ ದಿನಗಳನ್ನು ಬೆರಳು ಮಡಚಿ ಎಣಿಸಿ ನೋಡಿ. ಭಾನುವಾರ ಶಾಲೆಗೆ ರಜೆ, ಮದ್ರಸ ಇದೆ. ಶುಕ್ರವಾರ ಮದ್ರಸಕ್ಕೆ ರಜೆ, ಶಾಲೆ ಇದೆ. ಉಳಿದ ಐದು ದಿನ ಎರಡೂ ಇವೆ. ಎರಡು ಸಂಸ್ಥೆಗಳು ಒಂದೊಂದು ದಿನ ರಜೆ ಕೊಟ್ಟಿವೆ. ಮಗುವಿನ ಕೈಗೆ ಬಂದದ್ದು ಸೊನ್ನೆ!

ಮಗುವಿಗೆ ರಜೆಯಿಲ್ಲ ಎಂದರೆ ತಾಯಿಗೂ ಇಲ್ಲ ಎಂದು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ. ಆಕೆಗೆ ಅದಿಲ್ಲ ಎಂಬುದು ನಮಗೆಷ್ಟು ರೂಢಿಯಾಗಿದೆಯೆಂದರೆ, ಅದೊಂದು ದೂರು ಎಂದೂ ಯಾರಿಗೂ ಅನಿಸುವುದಿಲ್ಲ.

ಬೆಳಗಿನ ಆ ಮೂರು ಗಂಟೆಗಳನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಸುಬಹಿ ನಮಾಜಿಗೆ ಏಳುವ ತಾಯಿ ಮತ್ತೆ ಮಲಗುವುದಿಲ್ಲ. ಏಳು ಗಂಟೆಗೆ ಮದ್ರಸ ಎಂದರೆ ಮಗುವನ್ನು ಆರಕ್ಕೆ ಮುಂಚೆಯೇ ಎಬ್ಬಿಸಬೇಕು. ನಮ್ಮೂರಿನ ಜೂನ್-ಜುಲೈ ತಿಂಗಳ ಮಳೆಯಲ್ಲಿ ಆರು ಗಂಟೆಗೆ ಸರಿಯಾಗಿ ಬೆಳಕೂ ಹರಿದಿರುವುದಿಲ್ಲ. ಒಬ್ಬನಿಗೆ ಟೋಪಿ ಸಿಗುವುದಿಲ್ಲ, ಒಬ್ಬಳ ಮಕ್ಕನ ಒಣಗಿಲ್ಲ. ಹೊಟ್ಟೆಗೆ ಒಂದು ಲೋಟ ಚಹಾ, ಎರಡು ಬಿಸ್ಕತ್ತು. ಎಂಟೂವರೆಗೆ ಮಕ್ಕಳು ಓಡೋಡಿ ಬರುತ್ತಾರೆ. ಎಂಟೂ ಐವತ್ತಕ್ಕೆ ಶಾಲೆಯ ವ್ಯಾನು ಗೇಟಿನ ಮುಂದೆ ಹಾರನ್ ಹೊಡೆಯುತ್ತದೆ. ನಡುವಿನ ಇಪ್ಪತ್ತು ನಿಮಿಷದಲ್ಲಿ ಸಮವಸ್ತ್ರ, ಟೈ, ಶೂ, ತಿಂಡಿ, ಬುತ್ತಿ, ನೀರಿನ ಬಾಟಲಿ, ಡೈರಿಗೆ ಸಹಿ. ಮಗು ನಿಂತುಕೊಂಡೇ ತಿನ್ನುತ್ತದೆ, ತಾಯಿ ಕುಳಿತು ಶೂ ಕಟ್ಟುತ್ತಾಳೆ. ಬಿಸಿ ದೋಸೆಯನ್ನು ಕೂಡಿಕೊಂಡು ತಿನ್ನುವುದು ಈ ಮನೆಗಳಲ್ಲಿ ಹಬ್ಬದ ದಿನದ ವಿಶೇಷವಾಗಿದೆ.

ಸಂಜೆ ಮಗು ಮನೆ ಸೇರುವಾಗ ನಾಲ್ಕು ಮುಕ್ಕಾಲು. ಐದೂವರೆಗೆ ಟ್ಯೂಷನ್. ಮಗ್ರಿಬ್ ಆದ ಮೇಲೆ ಮದ್ರಸದ ಪಾಠ ಒಪ್ಪಿಸಬೇಕು, ನಂತರ ಶಾಲೆಯ ಹೋಂವರ್ಕ್. ಹತ್ತು ಗಂಟೆಗೆ ಮಲಗಿ ಐದೂ ಮುಕ್ಕಾಲಿಗೆ ಏಳುವ ಮಗು ಎಂಟು ಗಂಟೆಯೂ ನಿದ್ರಿಸುವುದಿಲ್ಲ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ ಒಂಬತ್ತರಿಂದ ಹನ್ನೆರಡು ಗಂಟೆ ನಿದ್ರೆ ಬೇಕೆಂದು ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿ ಹೇಳಿತು. ಅಮೆರಿಕದವರು ಹೇಳುವವರೆಗೆ ಕಾಯಬೇಕಾಗಿಲ್ಲ, ಮೊದಲ ಪೀರಿಯಡ್‌ನಲ್ಲಿ ಡೆಸ್ಕಿನ ಮೇಲೆ ತಲೆಯಿಟ್ಟ ಮಕ್ಕಳನ್ನು ನೋಡಿದ ಯಾವ ಟೀಚರಿಗೂ ಇದು ಗೊತ್ತು. ದಿನಕ್ಕೆ ಒಂದೂಕಾಲು ಗಂಟೆಯ ನಿದ್ರೆ ಕಡಿಮೆಯಾದರೂ ವಾರಕ್ಕೆ ಅದು ಒಂದು ಪೂರ್ತಿ ರಾತ್ರಿಯಷ್ಟಾಗುತ್ತದೆ. ಇತರರ ಮಕ್ಕಳು ಆ ಸಾಲವನ್ನು ಭಾನುವಾರ ಬೆಳಿಗ್ಗೆ ಒಂದಿಷ್ಟಾದರೂ ತೀರಿಸಿಕೊಳ್ಳುತ್ತಾರೆ. ನಮ್ಮ ಮಕ್ಕಳಿಗೆ ಭಾನುವಾರ ಮದ್ರಸ ಇನ್ನೂ ಹೆಚ್ಚು ಹೊತ್ತು ನಡೆಯುತ್ತದೆ. ಶಾಲೆ ಇಲ್ಲವಲ್ಲ, ಅದಕ್ಕೆ.

ಈ ಹಂತದಲ್ಲಿ ಕೆಲವರಿಗೆ ಸಿಟ್ಟು ಬರಬಹುದು. ಟ್ಯೂಷನ್ ಬಗ್ಗೆ, ಕರಾಟೆ ಬಗ್ಗೆ, ಅಬಾಕಸ್ ಬಗ್ಗೆ ಮಾತಾಡದೆ ಮದ್ರಸಕ್ಕೇ ಏಕೆ ಗುರಿಯಿಡುತ್ತೀರಿ? ನ್ಯಾಯವಾದ ಪ್ರಶ್ನೆ. ಮದ್ರಸ ಬೇಡ ಎಂದು ನಾನು ಹೇಳುತ್ತಿಲ್ಲ. ಓದು ಬರಹ ಬಾರದ ಎಷ್ಟೋ ತಾಯಂದಿರ ಮಕ್ಕಳು ಮೊದಲು ಅಕ್ಷರ ಕಂಡದ್ದು ಅಲ್ಲಿ, ಶಿಸ್ತು ಕಲಿತದ್ದು ಅಲ್ಲಿ. ನನ್ನ ತಕರಾರು ಇರುವುದು ಪಾಠದ ಬಗ್ಗೆ ಅಲ್ಲ, ವೇಳಾಪಟ್ಟಿಯ ಬಗ್ಗೆ. ಶುಕ್ರವಾರದ ರಜೆಯನ್ನು ಭಾನುವಾರಕ್ಕೆ ಬದಲಾಯಿಸಿದರೆ ಮದ್ರಸ ಈಗಿನಂತೆಯೇ ವಾರಕ್ಕೆ ಆರು ದಿನ ನಡೆಯುತ್ತದೆ. ಒಂದು ದಿನದ ಪಾಠವೂ ಹೋಗುವುದಿಲ್ಲ, ಭಾನುವಾರದ ಹೆಚ್ಚುವರಿ ಒಂದೋ ಎರಡೋ ಗಂಟೆ ಮಾತ್ರ ಹೋಗುತ್ತದೆ. ಅದಕ್ಕೆ ಪ್ರತಿಯಾಗಿ ಮಗುವಿಗೆ ಇಡೀ ಒಂದು ದಿನ ಸಿಗುತ್ತದೆ.

ಶುಕ್ರವಾರದ ರಜೆ ಧರ್ಮದ ವಿಧಿ ಎನ್ನುವವರು ಕುರ್‌ಆನಿನ ಜುಮುಅ ಅಧ್ಯಾಯವನ್ನು ಮತ್ತೊಮ್ಮೆ ಓದಲಿ. ಕರೆ ಬಂದಾಗ ವ್ಯಾಪಾರ ಬಿಟ್ಟು ಬನ್ನಿ, ನಮಾಜು ಮುಗಿದ ಮೇಲೆ ಭೂಮಿಯಲ್ಲಿ ಹರಡಿ ಜೀವನೋಪಾಯ ಅರಸಿ ಎಂಬ ಅರ್ಥದ ಮಾತು ಅಲ್ಲಿದೆ. ಬಿಡಲು ವ್ಯಾಪಾರವಿದೆ, ಹೋಗಲು ಕೆಲಸವಿದೆ ಎಂದರೆ ಅದು ಕೆಲಸದ ದಿನವೇ. ಮದ್ರಸದ ಶುಕ್ರವಾರದ ರಜೆ ಒಂದು ರೂಢಿ, ಅಷ್ಟೆ. ಶಾಲೆಗೆ ಹೋಗುವ ಮಕ್ಕಳು ಕಡಿಮೆ ಇದ್ದ ಕಾಲದಲ್ಲಿ ಅದು ಯಾರಿಗೂ ತೊಂದರೆ ಮಾಡಿರಲಿಕ್ಕಿಲ್ಲ. ಇಂದು ಪ್ರತಿಯೊಂದು ಮಗುವೂ ಶಾಲೆಗೆ ಹೋಗುತ್ತಿರುವಾಗ ಅದು ರಜೆಯಲ್ಲ, ಲೆಕ್ಕದ ಪುಸ್ತಕದಲ್ಲಿ ಮಾತ್ರ ಇರುವ ಹಣದ ಹಾಗೆ.

ಉಸ್ತಾದರ ಕಷ್ಟವನ್ನು ತಳ್ಳಿಹಾಕುವಂತಿಲ್ಲ. ಅನೇಕರು ದೂರದ ಊರಿನವರು, ಮದ್ರಸದ ಕೋಣೆಯಲ್ಲೇ ವಾಸ, ವಾರಕ್ಕೊಮ್ಮೆ ಮನೆಗೆ ಹೋಗಿಬರುವವರು. ಕೆಲವರಿಗೆ ಶುಕ್ರವಾರ ಖುತ್ಬಾದ ಹೊಣೆಯೂ ಇದೆ. ಆದರೆ ಅದು ಮಧ್ಯಾಹ್ನದ ಮಾತು, ಬೆಳಗಿನ ಒಂದೂವರೆ ಗಂಟೆಯ ಪಾಠಕ್ಕೆ ಅದು ಅಡ್ಡಿಯಾಗುವುದಿಲ್ಲ. ಊರಿಗೆ ಹೋಗುವವರು ಶನಿವಾರ ಹೋಗಲಿ. ಅವರ ಮಕ್ಕಳಿಗೂ ಭಾನುವಾರವೇ ಅಲ್ಲವೇ ಶಾಲೆಗೆ ರಜೆ? ನಿಜವಾಗಿ ಹೇಳಬೇಕೆಂದರೆ ಈಗಿನ ವ್ಯವಸ್ಥೆಯಲ್ಲಿ ಉಸ್ತಾದರು ತಮ್ಮ ಮನೆ ಮುಟ್ಟುವ ದಿನ ಅವರ ಮಕ್ಕಳು ಶಾಲೆಯಲ್ಲಿರುತ್ತಾರೆ. ಕೊಲ್ಲಿಯಲ್ಲಿ ದುಡಿಯುವ ತಂದೆಯ ಕಥೆಯೂ ಅದೇ. ಸೌದಿಯಲ್ಲೋ ಕುವೈತಿನಲ್ಲೋ ಶುಕ್ರವಾರ ಅವನಿಗೆ ಬಿಡುವು, ವಿಡಿಯೋ ಕರೆ ಮಾಡಿದರೆ ಮಗು ತರಗತಿಯಲ್ಲಿ.

ಕೇರಳದಲ್ಲಿ 2025ರಲ್ಲಿ ಪ್ರೌಢಶಾಲೆಗಳ ಸಮಯವನ್ನು ದಿನಕ್ಕೆ ಅರ್ಧ ಗಂಟೆ ಹೆಚ್ಚಿಸಿದಾಗ ಸಮಸ್ತದವರು ಮದ್ರಸದ ಸಮಯಕ್ಕೆ ತೊಂದರೆ ಎಂದು ಬಲವಾಗಿ ವಿರೋಧಿಸಿದರು. ಸರಕಾರ ಮಾತುಕತೆಗೆ ಕರೆಯಿತು. ಒಳ್ಳೆಯದು, ಪ್ರಜಾಪ್ರಭುತ್ವದಲ್ಲಿ ಅದು ಆಗಬೇಕು. ಆದರೆ ಆ ಜಗಳದಲ್ಲಿ ಒಂದು ಕಡೆ ಶಾಲೆ, ಇನ್ನೊಂದು ಕಡೆ ಮದ್ರಸ. ಆ ಅರ್ಧ ಗಂಟೆ ಮಗುವಿನದ್ದು ಎಂದು ವಾದಿಸಲು ಮೂರನೆಯ ಕುರ್ಚಿ ಅಲ್ಲಿತ್ತೇ? ಮಕ್ಕಳಿಗೆ ವಿಶ್ರಾಂತಿಯ ಮತ್ತು ಆಟದ ಹಕ್ಕಿದೆ ಎಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಹೇಳುತ್ತದೆ. ಭಾರತ ಅದನ್ನು 1992ರಲ್ಲಿ ಒಪ್ಪಿಕೊಂಡಿದೆ. ಮೈಸೂರಿನ ಆರ್.ಕೆ. ನಾರಾಯಣ್ ರಾಜ್ಯಸಭೆಯಲ್ಲಿ 1989ರಲ್ಲಿ ಮಾತಾಡಲು ಎದ್ದಾಗ ಆರಿಸಿಕೊಂಡ ವಿಷಯ ಮಕ್ಕಳ ಪುಸ್ತಕದ ಚೀಲದ ಭಾರ. ಆ ಭಾಷಣದ ನಂತರ ಯಶ್‌ಪಾಲ್ ಸಮಿತಿ ಬಂತು, 1993ರಲ್ಲಿ ವರದಿ ಕೊಟ್ಟಿತು. 2020ರ ಶಾಲಾ ಚೀಲ ನೀತಿ ಚೀಲದ ತೂಕ ಮಗುವಿನ ತೂಕದ ಹತ್ತನೇ ಒಂದು ಭಾಗ ಮೀರಬಾರದು, ಎರಡನೇ ತರಗತಿಯವರೆಗೆ ಹೋಂವರ್ಕ್ ಬೇಡ ಎಂದಿತು. ಮೂರು ದಶಕಗಳ ಈ ಎಲ್ಲ ಕಾಗದಗಳ ನಂತರವೂ ನಮ್ಮ ಖಾಸಗಿ ಶಾಲೆಗಳ ಒಂದನೇ ತರಗತಿಯ ಮಗು ಕಾಪಿ ಬರೆಯುತ್ತಾ ನಿದ್ದೆಗೆ ಜಾರುತ್ತದೆ. ಚೀಲವನ್ನಾದರೂ ತಕ್ಕಡಿಯಲ್ಲಿಟ್ಟು ತೂಗಬಹುದು. ವಾರವನ್ನು ತೂಗುವವರು ಯಾರು?

ಇನ್ನು ತಾಯಿಯ ವಿಷಯ. "ಮನೆಯಲ್ಲೇ ಇದ್ದಾಳೆ, ಏನೂ ಕೆಲಸವಿಲ್ಲ" ಎಂದು ನಾವು ಪರಿಚಯಿಸುವ ಈ ಹೆಂಗಸು ಏನು ಮಾಡುತ್ತಾಳೆಂದು ಸರಕಾರವೇ ಗಡಿಯಾರ ಹಿಡಿದು ಅಳೆದಿದೆ. 2024ರ ಕಾಲ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಪುರುಷರು 88 ನಿಮಿಷ. ಪುರುಷರ ಲೆಕ್ಕವನ್ನು ನೋಡಿ ಹಿಗ್ಗಬೇಡಿ, ಅದು ಮನೆಗೆಲಸ ಮಾಡಿದ ಪುರುಷರ ಸರಾಸರಿ ಮಾತ್ರ. ಅಂತಹವರು 2019ರ ಸಮೀಕ್ಷೆಯಲ್ಲಿ ನೂರಕ್ಕೆ ಇಪ್ಪತ್ತಾರು ಜನ. ಉಳಿದವರು ಪತ್ರಿಕೆ ಓದುತ್ತಿದ್ದರೆಂದು ಕಾಣುತ್ತದೆ. ಮಕ್ಕಳ ಮತ್ತು ವೃದ್ಧರ ಆರೈಕೆಯ ಸಮಯ ಇದರಲ್ಲಿ ಸೇರಿಲ್ಲ, ಅದು ಬೇರೆ. ನಮ್ಮ ಕಡೆ ಇದೆಲ್ಲದರ ಮೇಲೆ ಮಡಿಲಲ್ಲಿ ಬೀಡಿಯ ತಡ್ಪೆ ಕೂಡ ಇರುತ್ತದೆ. ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕದಲ್ಲಿ ಸಿಗುವ ಆ ಕೂಲಿಯಿಂದಲೇ ವ್ಯಾನಿನ ಬಾಡಿಗೆ, ಟ್ಯೂಷನ್ ಫೀಸು. ಆದರೂ ಆಕೆಗೆ "ಕೆಲಸವಿಲ್ಲ".

ಗೃಹಿಣಿಯ ದುಡಿಮೆಗೆ ಈ ದೇಶದಲ್ಲಿ ಬೆಲೆ ಕಟ್ಟಿದ್ದುಂಟು, ಆಕೆ ಸತ್ತ ಮೇಲೆ. ಜಮ್ಶೆಡ್‌ಪುರದಲ್ಲಿ 1989ರಲ್ಲಿ ನಡೆದ ಬೆಂಕಿ ದುರಂತದಲ್ಲಿ ಮಡಿದ ಗೃಹಿಣಿಯರ ಪರಿಹಾರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2001ರಲ್ಲಿ ಅವರ ಸೇವೆಯನ್ನು ತಿಂಗಳಿಗೆ 3,000 ರೂಪಾಯಿ ಎಂದು ಅಂದಾಜಿಸಿತು. ಜನಗಣತಿಯಲ್ಲಿ ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳ ಜೊತೆ ಅನುತ್ಪಾದಕರ ಸಾಲಿಗೆ ಸೇರಿಸಿದ್ದನ್ನು 2010ರಲ್ಲಿ ಅದೇ ನ್ಯಾಯಾಲಯ ಟೀಕಿಸಿತು. ಕರ್ನಾಟಕ ಸರಕಾರ 2023ರಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಆರಂಭಿಸಿದಾಗ "ಹೆಂಗಸರಿಗೆ ಬಿಟ್ಟಿ ದುಡ್ಡು" ಎಂದು ಚಹಾದಂಗಡಿಯಲ್ಲಿ ಕುಳಿತು ನಕ್ಕವರು ನಮ್ಮಲ್ಲೂ ಇದ್ದರು. ಬಿಟ್ಟಿಯಾಗಿ ಸಿಗುತ್ತಿದ್ದದ್ದು ಯಾರಿಗೆ, ಏನು ಎಂದು ಅವರು ತಮ್ಮ ಇಸ್ತ್ರಿ ಹಾಕಿದ ಅಂಗಿಯನ್ನು ಒಮ್ಮೆ ಕೇಳಬೇಕಿತ್ತು.

ತಮಾಷೆಯೆಂದರೆ, ತಾಯಿಯ ಬೆಳಗನ್ನು ಹಗುರಗೊಳಿಸುವ ಒಂದು ವ್ಯವಸ್ಥೆ ನಮ್ಮ ಪಕ್ಕದಲ್ಲೇ ಇದೆ, ಅದನ್ನು ನಾವು ಬಿಟ್ಟು ಬಂದಿದ್ದೇವೆ. ಸರಕಾರಿ ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟವಿದೆ. 2013ರಿಂದ ಕ್ಷೀರಭಾಗ್ಯದ ಹಾಲಿದೆ. ಈಗ ಮೊಟ್ಟೆಯೂ ಇದೆ. ಬುತ್ತಿ ಕಟ್ಟಬೇಕಾಗಿಲ್ಲ. ಶಾಲೆ ನಡೆದು ಹೋಗುವ ದೂರದಲ್ಲಿದ್ದರೆ ವ್ಯಾನಿಗೆ ಕಾಯಬೇಕಾಗಿಲ್ಲ. ಇನ್ನೂ ಒಂದು ಮುಖ್ಯ ಸಂಗತಿ: 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸರಕಾರಿ ಮತ್ತು ಅನುದಾನಿತ ಶಾಲೆಗಳ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಹೆತ್ತವರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ನಮ್ಮ ಎಸ್.ಡಿ.ಎಂ.ಸಿ.ಗಳು ಅವೇ. ಅನುದಾನರಹಿತ ಖಾಸಗಿ ಶಾಲೆಗೆ ಈ ನಿಯಮ ಅನ್ವಯಿಸುವುದಿಲ್ಲ. ಜಮಾಅತ್ ಸಮಿತಿಯ ಬಗ್ಗೆ ಕೇಳುವುದೇ ಬೇಡ. ಹೀಗೆ, ಬೆಳಿಗ್ಗೆ ಮಗುವನ್ನು ಎಬ್ಬಿಸುವ, ಉಣಿಸುವ, ಓಡಿಸುವ ತಾಯಿಗೆ ಆ ಮಗುವಿನ ಸಮಯವನ್ನು ನಿರ್ಧರಿಸುವ ಎರಡು ಸಭೆಗಳಲ್ಲೂ ಜಾಗವಿಲ್ಲ. ಜಾಗವಿದ್ದ ಏಕೈಕ ಸಭೆಯನ್ನು ನಾವು ಟೈ ಮತ್ತು ಇಂಗ್ಲಿಷಿನ ಆಸೆಗೆ ಬಿಟ್ಟುಕೊಟ್ಟೆವು. ಈ ಆಸೆ ಗಂಡಸರದ್ದು ಮಾತ್ರ ಎಂದು ಹೇಳಿದರೆ ಸುಳ್ಳಾದೀತು. ಪಕ್ಕದ ಮನೆಯ ಮಗು ಅಬಾಕಸ್‌ಗೆ ಸೇರಿತೆಂದು ನಿದ್ದೆಗೆಡುವ ತಾಯಂದಿರೂ ಕಡಿಮೆಯೇನಲ್ಲ. ಹಿಂದೂ, ಕ್ರೈಸ್ತ ಮನೆಗಳಲ್ಲೂ ಸಂಗೀತ, ಭರತನಾಟ್ಯ, ಧರ್ಮೋಪದೇಶ ಎಂದು ಭಾನುವಾರಗಳು ತುಂಬಿ ಹೋಗಿವೆ. ಖಾಲಿ ಕೂತ ಮಗುವನ್ನು ಕಂಡರೆ ನಮಗೆಲ್ಲ ಏಕೋ ಭಯ.

ಧರ್ಮದ ಹೆಸರಲ್ಲಿ ಮಾತಾಡುವವರಿಗೆ ಧರ್ಮದಿಂದಲೇ ಎರಡು ಸಂಗತಿ ನೆನಪಿಸಬಯಸುತ್ತೇನೆ. ಪ್ರವಾದಿವರ್ಯರು ಮನೆಯಲ್ಲಿ ಏನು ಮಾಡುತ್ತಿದ್ದರು ಎಂದು ಕೇಳಿದಾಗ, ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರು, ನಮಾಜಿನ ಹೊತ್ತಾದಾಗ ಹೊರಡುತ್ತಿದ್ದರು ಎಂದು ಆಯಿಶಾ ತಿಳಿಸಿದ್ದು ಬುಖಾರಿಯಲ್ಲಿದೆ. ಅವರ ಗಡ್ಡದ ಅಳತೆಯ ಬಗ್ಗೆ ಗಂಟೆಗಟ್ಟಲೆ ಭಾಷಣ ಮಾಡುವವರು ಈ ಸುನ್ನತ್ತಿನ ಬಗ್ಗೆ ಏಕೆ ಮೌನ? ಎರಡನೆಯದು ಇನ್ನೂ ಹತ್ತಿರದ್ದು. ದೀರ್ಘವಾಗಿ ನಮಾಜು ನಿರ್ವಹಿಸಬೇಕೆಂದು ನಿಂತ ಪ್ರವಾದಿಯವರು ಹಿಂದಿನ ಸಾಲಿನಲ್ಲಿ ಮಗುವಿನ ಅಳು ಕೇಳಿದರೆ, ತಾಯಿಗೆ ಕಷ್ಟವಾದೀತೆಂದು ಅದನ್ನು ಚಿಕ್ಕದಾಗಿ ಮುಗಿಸುತ್ತಿದ್ದರು. ಇದೂ ಬುಖಾರಿಯಲ್ಲೇ ಇದೆ. ತಾಯಿಯ ಕಷ್ಟಕ್ಕಾಗಿ ನಮಾಜೇ ಚಿಕ್ಕದಾಗಬಹುದಾದರೆ ಭಾನುವಾರದ ಮದ್ರಸ ಯಾವ ಲೆಕ್ಕ?

ಹೊಸ ವರ್ಷದ ಮದ್ರಸ ಶವ್ವಾಲಿನಲ್ಲಿ ತೆರೆಯುತ್ತದೆ. ಅದಕ್ಕೆ ಮುಂಚೆ ಜಮಾಅತ್ತಿನ ಮಹಾಸಭೆಗಳು ನಡೆಯುತ್ತವೆ. ಲೆಕ್ಕಪತ್ರ, ಹೊಸ ಪದಾಧಿಕಾರಿಗಳು, ಕಾಂಪೌಂಡಿಗೆ ಬಣ್ಣ, ಅಲ್ಲೊಂದು ವಾಗ್ವಾದ, ಚಹಾ. ಈ ಬಾರಿಯ ಕಾರ್ಯಸೂಚಿಯಲ್ಲಿ ಒಂದು ಸಾಲು ಸೇರಿಸಿ: ಮದ್ರಸದ ವಾರದ ರಜೆ ಶುಕ್ರವಾರವೋ, ಭಾನುವಾರವೋ? ಮತ ಹಾಕುವ ಮುನ್ನ ಪ್ರತಿಯೊಬ್ಬ ಸದಸ್ಯನೂ ಒಂದು ವಾರ ತಾನೇ ಐದೂವರೆಗೆ ಎದ್ದು ಮಕ್ಕಳನ್ನು ಎಬ್ಬಿಸಲಿ, ಬುತ್ತಿ ಕಟ್ಟಲಿ, ಶೂ ಹುಡುಕಲಿ, ವ್ಯಾನು ಹತ್ತಿಸಲಿ. ಏಳು ದಿನವೂ, ಶುಕ್ರವಾರ ಭಾನುವಾರ ಸೇರಿ. ಸಭೆಗೆ ಹೆಂಗಸರನ್ನು ಕರೆಯಲು ಮನಸ್ಸಿಲ್ಲದಿದ್ದರೆ ಅವರ ಅಭಿಪ್ರಾಯವನ್ನು ಒಂದೊಂದು ಚೀಟಿಯಲ್ಲಿ ಬರೆಸಿ ತನ್ನಿ, ಸಭೆಯಲ್ಲಿ ಗಟ್ಟಿಯಾಗಿ ಓದಿ.