ಹಾಡುಹಕ್ಕಿಯ ಚಿತ್ರವೂ ಚಿತ್ರಗಾರನ ಧರ್ಮವೂ

ಬಂದೂಕವನ್ನು ಹಿಡಿದು ಕಾಡಿಗೆ ಹೋಗುವವನನ್ನು ಲೋಕವು ಬೇಟೆಗಾರನೆಂದು ದೂಷಿಸುವುದು. ಕ್ಯಾಮರಾವನ್ನು ಹಿಡಿದು ಹೋಗುವವನನ್ನು ಪ್ರಕೃತಿಪ್ರಿಯನೆಂದು ಹೊಗಳುವುದು. ಈ ಹೊಗಳಿಕೆಯು ಎಷ್ಟರಮಟ್ಟಿಗೆ ಸಲ್ಲತಕ್ಕದ್ದೆಂಬುದು ವಿಚಾರಾರ್ಹವಾದ ವಿಷಯ.

ಮಡಿವಾಳ ಹಕ್ಕಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಗೇಣುದ್ದವೂ ಇಲ್ಲದ ಈ ಕಪ್ಪುಬಿಳುಪಿನ ಹಕ್ಕಿಯ ಗಂಡು, ಮರಿಮಾಡುವ ಕಾಲದಲ್ಲಿ ಬೆಳಕು ಹರಿಯುವ ಮೊದಲೇ ಮರದ ತುದಿಯಲ್ಲಿ ಕುಳಿತು ಹಾಡುವುದು. ಕೇಳುವವರಿಗೆ ಅದು ಸಂಗೀತ. ಹಕ್ಕಿಗಾದರೋ ತನ್ನ ಮೇರೆಯನ್ನು ಸಾರುವ ಡಂಗುರ, ಹೆಣ್ಣಿಗೆ ಕಳುಹುವ ಕರೆಯೋಲೆ. ಇದನ್ನರಿತ ಕೆಲವು ಚಿತ್ರಗಾರರು ಧ್ವನಿಮುದ್ರಿತ ಹಾಡನ್ನು ಮೊಬೈಲಿನಿಂದ ಪೊದೆಯ ಬಳಿ ನುಡಿಸುವರು. ಹಗೆಯೊಬ್ಬನು ಒಳನುಗ್ಗಿದನೆಂದು ಬಗೆದ ಹಕ್ಕಿಯು ಮೇವನ್ನು ಬಿಟ್ಟು, ಗೂಡನ್ನು ಬಿಟ್ಟು, ಕಾಣದ ವೈರಿಯನ್ನು ಹುಡುಕುತ್ತ ಬಯಲಿಗೆ ಬರುವುದು. ಆ ಕ್ಷಣದ ಚಿತ್ರಕ್ಕೆ "ವನಗಾಯಕ" ಎಂದು ಹೆಸರು! ಅದರಲ್ಲಿರುವುದು ಮೋಸಹೋದ ಗೃಹಸ್ಥನ ಕಳವಳ.

ಗೂಡಿನ ಚಿತ್ರವನ್ನು ಬಯಸುವವರ ಕಾರ್ಯವು ಇನ್ನೂ ಘೋರವಾದುದು. ಪಿಕಳಾರವು ಪೊದೆಯೊಳಗೆ ಬಟ್ಟಲಿನಂತೆ ಕಟ್ಟುವ ಗೂಡಿಗೆ ಎಲೆಗಳೇ ಬಾಗಿಲು. ಬೆಳಕು ಸಾಲದೆಂದು ನಾಲ್ಕು ರೆಂಬೆಗಳನ್ನು ಕತ್ತರಿಸಿದವನು ಕಾಗೆಗೂ ಹಾವಿಗೂ ದಾರಿಯನ್ನು ತೋರಿಸಿ ಬಂದಂತೆಯೇ ಸರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಹಕ್ಕಿಗಳ ಮೊಟ್ಟೆಯನ್ನಾಗಲಿ ಗೂಡನ್ನಾಗಲಿ ಕಲಕುವುದನ್ನು ಬೇಟೆಯೆಂಬ ಮಾತಿನ ಅರ್ಥದೊಳಗೇ ಸೇರಿಸಿರುವುದು. ಹಾಗಾದರೆ ಬಂದೂಕಕ್ಕೂ ಇಂಥ ಕ್ಯಾಮರಾಕ್ಕೂ ಇರುವ ಅಂತರವೆಷ್ಟು?

"ಒಂದು ನಿಮಿಷದಿಂದ ಏನು ಕೆಟ್ಟೀತು?" ಎಂದು ಕೇಳುವವರುಂಟು. ಕೇಳುವವನಿಗೆ ಅದು ಒಂದೇ ನಿಮಿಷ. ಆದರೆ ಅವನ ಹಿಂದೆ ಇಂದು ಹತ್ತು ಮಂದಿ ಬರುವರು, ನಾಳೆ ಮತ್ತೆ ಹತ್ತು ಮಂದಿ. ಹಕ್ಕಿಯಾದರೋ ಒಂದೇ. ಚಿತ್ರಗಳಿಂದಲೇ ಜನರಲ್ಲಿ ಪಕ್ಷಿಪ್ರೀತಿಯು ಹುಟ್ಟುವುದೆಂಬುದು ಇನ್ನೊಂದು ವಾದ. ಮಾತು ನಿಜ, ಆದರೆ ಪ್ರೀತಿಯನ್ನು ಹುಟ್ಟಿಸಲು ಪೀಡಿಸಬೇಕೆಂಬ ನ್ಯಾಯವೆಲ್ಲಿಯದು?

ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರಿ ಕೀಯರ್ಟನ್ ಸಹೋದರರು ಸುಮಾರು 1900ರ ವೇಳೆಗೆ, ಹಕ್ಕಿಗಳು ಬೆದರದಿರಲೆಂದು, ಎತ್ತಿನ ಚರ್ಮದಿಂದ ಟೊಳ್ಳಾದ ಬೊಂಬೆಯನ್ನು ಮಾಡಿಸಿ ಅದರ ಹೊಟ್ಟೆಯೊಳಗೆ ಅಡಗಿ ನಿಂತರು. ಭಾರವಾದ ಪೆಟ್ಟಿಗೆ, ಗಾಜಿನ ಫಲಕಗಳು, ಇವುಗಳೊಡನೆ ಅವರಿಗೆ ಆ ತಾಳ್ಮೆಯಿತ್ತು. ದೂರವನ್ನು ಹತ್ತಿರಮಾಡುವ ಮಸೂರಗಳುಳ್ಳ ಇಂದಿನವರಿಗೆ ಅದರ ಕಾಲುಭಾಗವಿದ್ದರೂ ಸಾಕು.

ಚಿತ್ರಗಾರರು ಕಳ್ಳದನಿಯನ್ನು ತೊರೆಯಲಿ. ಗೂಡಿನಿಂದ ದೂರ ನಿಲ್ಲಲಿ. ಸ್ಪರ್ಧೆಗಳನ್ನು ನಡೆಸುವವರು ಗೂಡಿನ ಚಿತ್ರಗಳಿಗೆ ಬಹುಮಾನವನ್ನು ಕೊಡದಿರಲಿ. ಹಕ್ಕಿಯು ತಾನಾಗಿ ಬಂದು ಹಾಡಿದರೆ ಭಾಗ್ಯ. ಬಾರದ ದಿನ ಬರಿಗೈಯಲ್ಲಿ ಮರಳುವುದು ಅಪಮಾನವೇನೂ ಅಲ್ಲ.